ಕಾರ್ಡ್ ಇದ್ದರೂ ಚೆಕ್ ಡೈವ್: ಯಾರಿಗೆ ಬೇಕು, ಹೇಗೆ ಮಾಡಿಸಬೇಕು

ನನ್ನ ಅಕ್ಕನ ಮಗ ಈ ವರ್ಷ ಡೈವ್ ಮಾಸ್ಟರ್ ಆದ, ಅಂದರೆ ಸ್ಕೂಬಾ ಡೈವಿಂಗ್‌ಗೆ ಬಂದವರನ್ನು ನೀರೊಳಗೆ ಕರೆದುಕೊಂಡು ಹೋಗುವವನು. ಸೀಸನ್ ಶುರುವಾಗಲು ಇನ್ನೂ ಎರಡು ವಾರ ಇತ್ತು. ಮಲ್ಪೆ ಬಂದರಿನ ಹತ್ತಿರ ಚಾ ಕುಡಿಯುವಾಗ ಕೇಳಿದ, "ಮಾಮ, ಕಾರ್ಡ್ ತೋರಿಸಿದ ಮೇಲೂ ಚೆಕ್ ಡೈವ್ ಮಾಡಿಸ್ಬೇಕಾ? ಜನ ಬೇಜಾರು ಮಾಡ್ಕೊಳ್ತಾರೆ. ನಿನ್ನೆ ಒಬ್ರು ಅದನ್ನು ಕೇಳಿ ಫೋನೇ ಇಟ್ಬಿಟ್ರು."

ಮಾಡಿಸ್ಬೇಕು ಅಂದೆ. ಚೆಕ್ ಡೈವ್ ಅಂದರೆ, ಡೈವಿಂಗ್ ಕಲಿತ ಕಾರ್ಡ್ ಇದ್ದವರನ್ನೂ ಆಳಕ್ಕೆ ಕರೆದೊಯ್ಯುವ ಮುಂಚೆ ಆಳ ಇಲ್ಲದ ನೀರಿನಲ್ಲಿ ಒಮ್ಮೆ ಪರೀಕ್ಷೆ ಮಾಡುವುದು. ಆದರೆ ಎಲ್ಲರಿಗೂ ಒಂದೇ ತರ ಅಲ್ಲ. ಮತ್ತೆ, ಅದಕ್ಕೆ ಅಂತ ಬೇರೆ ದುಡ್ಡು ಕೇಳಬಾರದು. ಅವತ್ತು ಎರಡು ಚಾ ಮುಗಿಯುವಷ್ಟು ಹೊತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದು ಬೋಟಿನಲ್ಲಿ ಕೆಲಸ ಮಾಡುವ ಹುಡುಗರಿಗೆ. ಕಾರ್ಡ್ ಹಿಡಿದುಕೊಂಡು ನಮ್ಮ ಕಡೆ ಬರುವವರೂ ಓದಬಹುದು. ನೀರಿಗಿಳಿಯುವ ಮುಂಚೆ ನಾವು ನಿಮ್ಮನ್ನು ಯಾಕೆ ಹಾಗೆ ದಿಟ್ಟಿಸಿ ನೋಡುತ್ತೇವೆ ಅಂತ ಗೊತ್ತಾಗುತ್ತದೆ.

ಮೊದಲು ಒಂದು ವಿಷಯ ಬೇರೆ ಮಾಡಿ ಇಡೋಣ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವವರಲ್ಲಿ, ಕಾಪುವಿನಲ್ಲಿ ಇಳಿಯುವವರಲ್ಲಿ ಜಾಸ್ತಿ ಜನ ಮೊದಲ ಸಲದವರು. ಈಜು ಬಾರದಿದ್ದರೂ ಬರುತ್ತಾರೆ. ಅವರ ಟ್ಯಾಂಕನ್ನು ಇನ್‌ಸ್ಟ್ರಕ್ಟರ್ ಮೇಲಿನಿಂದ ಹಿಡಿದುಕೊಂಡೇ ಇರುತ್ತಾರೆ. 12 ಮೀಟರ್‌ಗಿಂತ ಕೆಳಗೆ ಹೋಗುವ ಹಾಗಿಲ್ಲ. ಅವರಿಗೆ ಚೆಕ್ ಡೈವ್ ಅನ್ನುವ ಮಾತೇ ಬರುವುದಿಲ್ಲ, ಇಡೀ ಡೈವೇ ನಮ್ಮ ಕೈಯಲ್ಲಿ ಇರುತ್ತದೆ. ನಾನು ಹೇಳುತ್ತಿರುವುದು ಕೋರ್ಸ್ ಮಾಡಿದವರ ಬಗ್ಗೆ. ಮೊದಲ ಕೋರ್ಸ್ ಓಪನ್ ವಾಟರ್ ಆದರೆ 18 ಮೀಟರ್, ಅದರ ಮುಂದಿನ ಅಡ್ವಾನ್ಸ್ಡ್ ಆದರೆ 30 ಮೀಟರ್ ತನಕ ಹೋಗಬಹುದು ಅಂತ ಕಾರ್ಡ್ ಇರುವವರು. ಈ ಕಾರ್ಡಿಗೆ ಎಕ್ಸ್‌ಪೈರಿ ಇಲ್ಲ. ಡೈವಿಂಗ್ ಕಲಿಸುವ ಸಂಸ್ಥೆಗಳಾದ ಪ್ಯಾಡಿಯದ್ದಾಗಲಿ ಎಸ್‌ಎಸ್‌ಐದ್ದಾಗಲಿ, ಒಮ್ಮೆ ಸಿಕ್ಕಿದರೆ ಸಾಯುವ ತನಕ ನಿಮ್ಮದೇ. ಬಹಳ ದಿನ ಬಿಟ್ಟವರು ರಿಫ್ರೆಶರ್, ಅಂದರೆ ಕಲಿತದ್ದನ್ನು ಮತ್ತೊಮ್ಮೆ ನೆನಪಿಸುವ ಪಾಠ, ಮಾಡಿ ಅಂತ ಆ ಸಂಸ್ಥೆಗಳೇ ಹೇಳುತ್ತವೆ. ಆದರೆ ಹೇಳುತ್ತವೆ ಅಷ್ಟೇ. ಆಚೆ ದಾಟಿಸುವ ಕೆಲಸ ಬೋಟಿನವರ ತಲೆಗೆ.

ನಾನು ಇದನ್ನು ಕಲಿತದ್ದು ಪುಸ್ತಕದಿಂದ ಅಲ್ಲ. ನನ್ನದೇ ತಪ್ಪಿನಿಂದ.

ಕೆಲವು ವರ್ಷದ ಹಿಂದೆ, ಡಿಸೆಂಬರ್. ಆಗ ನಾನು ಬೇರೆಯವರ ಬೋಟಿನಲ್ಲಿ ದುಡಿಯುತ್ತಿದ್ದೆ. ಬೆಂಗಳೂರಿನವರು ಒಬ್ಬರು ಬಂದಿದ್ದರು. ಅಡ್ವಾನ್ಸ್ಡ್ ಕಾರ್ಡ್, ಲಾಗ್ ಬುಕ್ಕಿನಲ್ಲಿ ನಲವತ್ತು ಡೈವ್. ಒಳ್ಳೆಯ ಮನುಷ್ಯ, ಬೋಟಿನಲ್ಲಿ ಎಲ್ಲರಿಗೂ ಚಿಕ್ಕಿ ಹಂಚಿದರು. ಲಾಗ್ ಬುಕ್ಕಿನ ಕೊನೆಯ ಪುಟ ನೋಡಿದೆ, ಮಾಲ್ಡೀವ್ಸ್, ನಾಲ್ಕು ವರ್ಷದ ಹಿಂದಿನದು. "ಸರ್, ಮೊದಲು ಇಲ್ಲೇ ಆರು ಮೀಟರ್‌ನಲ್ಲಿ ಸ್ವಲ್ಪ ನೋಡಿ ಹೋಗುವ" ಅಂದೆ. ಅವರು ನಕ್ಕು, "ಸೈಕಲ್ ಮರೆಯುತ್ತದಾ?" ಅಂದರು. ಬೋಟು ತುಂಬ ಜನ ಇದ್ದರು. ಬೋಟಿನ ಯಜಮಾನರು ಆಚೆಯಿಂದ "ಟೈಮ್ ಇಲ್ಲ, ಇಳಿಸು" ಅಂದರು. ನಾನೂ ಸುಮ್ಮನಾದೆ.

ಎಷ್ಟು ವೇಟ್, ಅಂದರೆ ಮುಳುಗಲು ಕಟ್ಟಿಕೊಳ್ಳುವ ಸೀಸ, ಬೇಕು ಅಂದರೆ ನಾಲ್ಕು ಕೆಜಿ ಅಂದರು. ಅದು ನಾಲ್ಕು ವರ್ಷದ ಹಿಂದಿನ ಲೆಕ್ಕ, ಆಗ ಅವರು ಟೀ ಶರ್ಟಿನಲ್ಲಿ ಇಳಿದಿದ್ದರು. ಈಗ ನಾನು ಕೊಟ್ಟದ್ದು ಮೈ ತುಂಬ 3 ಎಂಎಂ ದಪ್ಪದ ಸೂಟ್, ಅದು ಮೇಲಕ್ಕೆ ಎತ್ತುತ್ತದೆ. ನಡುವೆ ಹೊಟ್ಟೆಯೂ ಬಂದಿತ್ತು. ಎಷ್ಟು ಒದ್ದಾಡಿದರೂ ಕೆಳಗೆ ಹೋಗಲಿಲ್ಲ. ಎರಡು ಕೆಜಿ ಸೇರಿಸಿದೆ, ಹೋದರು. ಕೆಳಗೆ ಎಲ್ಲ ಚಂದವೇ ಇತ್ತು. ಎಡವಟ್ಟಾದದ್ದು ವಾಪಸ್ ಬರುವಾಗ. ಟ್ಯಾಂಕ್ ಖಾಲಿಯಾಗುತ್ತಾ ಬಂದಂತೆ ಅವರು ಹಗುರ ಆದರು. ಏಳು ಮೀಟರ್ ಹತ್ತಿರ ಮೆಲ್ಲಗೆ ಮೇಲೆ ತೇಲಲು ಶುರು. ಬಿಸಿಡಿಯ, ಅಂದರೆ ಗಾಳಿ ತುಂಬಿಸಿ ತೇಲುವ ಜಾಕೆಟ್ಟಿನ, ಗಾಳಿ ಬಿಡಬೇಕು. ಎಡಗೈಯಲ್ಲಿ ಅದರ ಗುಂಡಿಗಳಿರುವ ಕೊಳವೆ, ಇನ್‌ಫ್ಲೇಟರ್, ಹಿಡಿದರು, ಬೆರಳು ಗುಂಡಿ ಮೇಲೆ ಹೋಯಿತು, ಒತ್ತಿದರು. ಒತ್ತಿದ್ದು ಗಾಳಿ ತುಂಬುವ ಗುಂಡಿ.

ಅವರ ಕಣ್ಣು ಮಾಸ್ಕಿನ ಒಳಗೆ ಅಷ್ಟು ದೊಡ್ಡದಾದದ್ದು ಈಗಲೂ ನೆನಪಿದೆ. ಗಾಳಿ ಹೋಗುತ್ತಿಲ್ಲ ಅಂತ ಇನ್ನೂ ಜೋರಾಗಿ ಒತ್ತಿದರು. ನಾನು ಅವರ ಕಾಲಿನ ಫಿನ್ ಹಿಡಿದೆ, ಇಬ್ಬರೂ ಸೇರಿ ಮೇಲೆ ಹೋದೆವು. ಪುಣ್ಯಕ್ಕೆ ಅವರು ಉಸಿರು ಹಿಡಿಯಲಿಲ್ಲ, ಕೂಗುತ್ತಲೇ ಹೋದರು. ಕೂಗಿದ್ದರಿಂದ ಶ್ವಾಸಕೋಶದ ಗಾಳಿ ಹೊರಗೆ ಹೋಯಿತು. ಉಸಿರು ಹಿಡಿದು ಏಳು ಮೀಟರ್ ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು. ಅದಕ್ಕೆ ಆಳ ಬೇಕಾಗಿಲ್ಲ. ನಾವು ಎದ್ದ ಜಾಗದಿಂದ ಬೋಟಿನ ಪ್ರೊಪೆಲ್ಲರ್ ಎರಡು ಮಾರು ದೂರ ಇತ್ತು.

ಎರಡು ಗುಂಡಿ. ಒಂದು ತುಂಬಲಿಕ್ಕೆ, ಒಂದು ಬಿಡಲಿಕ್ಕೆ. ನಾಲ್ಕು ವರ್ಷದಲ್ಲಿ ಬೆರಳು ಮರೆತಿತ್ತು. ಎದೆಮಟ್ಟದ ನೀರಿನಲ್ಲಿ ಎರಡು ನಿಮಿಷ ನಿಂತಿದ್ದರೂ ಇದು ಗೊತ್ತಾಗುತ್ತಿತ್ತು. ಅವರು ಮರೆತದ್ದು ತಪ್ಪಲ್ಲ. ನಾನು ನೋಡದೆ ಇಳಿಸಿದ್ದು ತಪ್ಪು.

ಇನ್ನು ಕೆಲಸದ ಮಾತಿಗೆ ಬರುತ್ತೇನೆ.

ಚೆಕ್ ಡೈವ್ ಶುರುವಾಗುವುದು ಫೋನಿನಲ್ಲಿ. ಬುಕ್ಕಿಂಗ್‌ಗೆ ಕರೆ ಬಂದಾಗ "ಎಷ್ಟು ಡೈವ್ ಆಗಿದೆ" ಅಂತ ಮೊದಲು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಸ್ವಲ್ಪ ಸೇರಿಸಿಯೇ ಹೇಳುತ್ತಾರೆ. "ಕೊನೆಗೆ ಇಳಿದದ್ದು ಯಾವಾಗ, ಎಲ್ಲಿ" ಅಂತ ಕೇಳಿ. ಎಲ್ಲಿ ಅನ್ನುವುದು ಮುಖ್ಯ. ಲಕ್ಷದ್ವೀಪದಲ್ಲಿ, ಮಾಲ್ಡೀವ್ಸ್‌ನಲ್ಲಿ ಇಪ್ಪತ್ತು ಮೀಟರ್ ದೂರದ ಮೀನು ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಹಾಗಲ್ಲ. ಉದ್ಯಾವರ ಹೊಳೆ, ಸ್ವರ್ಣಾ, ಸೀತಾ ಎಲ್ಲ ತಂದು ಸುರಿಯುವ ಮಣ್ಣು ದಡದ ಹತ್ತಿರದ ನೀರಿನಲ್ಲೇ ಇರುತ್ತದೆ. ದಡದಿಂದ ಹತ್ತೊಂಬತ್ತು ಕಿಲೋಮೀಟರ್ ಆಚೆಯ ನೇತ್ರಾಣಿಯಲ್ಲಿ ನೀರು ತಿಳಿ, ಆದರೂ ಗಾಳಿ ಎದ್ದ ದಿನ ಅಲ್ಲೂ ನಾಲ್ಕೈದು ಮೀಟರ್ ಮಾತ್ರ ಕಾಣುವುದುಂಟು. ತಿಳಿ ನೀರಲ್ಲಿ ಐವತ್ತು ಡೈವ್ ಮಾಡಿದವರೂ ಕಲಂಕು ನೀರಲ್ಲಿ ಮೊದಲ ಸಲ ಇಳಿದಾಗ ಗಾಬರಿಯಾಗುತ್ತಾರೆ. ಅದರಲ್ಲಿ ನಾಚಿಕೆ ಏನೂ ಇಲ್ಲ.

ನನ್ನ ಲೆಕ್ಕ ಹೀಗೆ. ಇದು ನಾನೇ ಮಾಡಿಕೊಂಡದ್ದು, ನಿಮ್ಮದು ಸ್ವಲ್ಪ ಬೇರೆ ಇರಬಹುದು. ಆರು ತಿಂಗಳ ಒಳಗೆ ಕಡಲಿಗೆ ಇಳಿದವರಿಗೆ ವೇಟ್ ಚೆಕ್ ಮಾತ್ರ, ಐದು ನಿಮಿಷ. ಆರು ತಿಂಗಳು ದಾಟಿದ್ದರೆ ಅಥವಾ ಒಟ್ಟು ಹತ್ತು ಡೈವ್ ಕೂಡ ಆಗಿಲ್ಲದಿದ್ದರೆ ಕಾಲು ಗಂಟೆಯ ಚೆಕ್ ಡೈವ್. ಮೂರು ವರ್ಷ ದಾಟಿದ್ದರೆ ಮೊದಲು ಈಜುಕೊಳ, ರಿಫ್ರೆಶರ್, ಆಮೇಲೆ ಕಡಲು. ಈ ಕೊನೆಯದಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳಿ, ಅದು ಅರ್ಧ ದಿನದ ಕೆಲಸ. ಅದನ್ನೂ ಫೋನಿನಲ್ಲೇ ಹೇಳಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರಿಗೆ ಬೆಳಿಗ್ಗೆ ಏಳು ಗಂಟೆಗೆ ಜೆಟ್ಟಿಯಲ್ಲಿ ನಿಂತು ಹೇಳಿದರೆ ಅವರಿಗೆ ಸಿಟ್ಟು ಬರುವುದು ನ್ಯಾಯವೇ.

ಕಾಲು ಗಂಟೆಯ ಚೆಕ್ ಡೈವನ್ನು ಬೇರೆ ಡೈವ್ ಅಂತ ಮಾಡಬೇಡಿ. ಮೊದಲ ಡೈವಿನ ಮೊದಲ ಕಾಲು ಗಂಟೆಯೇ ಚೆಕ್. ದ್ವೀಪದ ಗಾಳಿ ತಾಗದ ಬದಿಯಲ್ಲಿ, ಐದಾರು ಮೀಟರ್ ಆಳದಲ್ಲಿ, ಕೆಳಗೆ ಹೊಯ್ಗೆ ಇರುವ ಕಡೆ ಜಾಗ ನೋಡಿಕೊಳ್ಳಿ. ಬಂಡೆ ಮೇಲೆ ಬೇಡ, ಮೊಣಕಾಲು ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್ ಮೇಲೆ ಹೋಗುತ್ತದೆ. ಎಲ್ಲ ಸರಿಯಾದರೆ ಅಲ್ಲಿಂದಲೇ ಮುಂದೆ ಹೋಗಿ. ಗಿರಾಕಿಯ ದುಡ್ಡೂ ಹಾಳಾಗಲಿಲ್ಲ, ನಿಮ್ಮ ಟ್ಯಾಂಕೂ ದಂಡವಾಗಲಿಲ್ಲ. ಒಬ್ಬ ಡೈವ್ ಮಾಸ್ಟರ್‌ಗೆ ಇಬ್ಬರು, ಅದಕ್ಕಿಂತ ಜಾಸ್ತಿ ಬೇಡ. ಮೂರನೆಯವರನ್ನು ನೋಡುವಾಗ ಮೊದಲನೆಯವರು ಎಲ್ಲಿಗೋ ಹೋಗಿರುತ್ತಾರೆ.

ಆರು ಮೀಟರ್ ಅಂದರೆ ಸುಲಭ ಅಂತ ಅಂದುಕೊಳ್ಳುತ್ತಾರೆ. ಉಲ್ಟಾ. ನೀರಿನ ಮೇಲಿನಿಂದ ಹತ್ತು ಮೀಟರ್‌ಗೆ ಹೋಗುವಾಗ ಒತ್ತಡ ಎರಡು ಪಟ್ಟು ಆಗುತ್ತದೆ. ಹತ್ತರಿಂದ ಇಪ್ಪತ್ತಕ್ಕೆ ಹೋಗುವಾಗ ಒಂದೂವರೆ ಪಟ್ಟು ಮಾತ್ರ. ಹಾಗಾಗಿ ಬಿಸಿಡಿಯೊಳಗಿನ ಗಾಳಿ ಹಿಗ್ಗುವುದು ಕುಗ್ಗುವುದು ಎಲ್ಲಕ್ಕಿಂತ ಜಾಸ್ತಿ ಮೇಲಿನ ಹತ್ತು ಮೀಟರ್‌ನಲ್ಲೇ. ಅಲ್ಲಿ ಒಂದು ಕಡೆ ಅಲುಗಾಡದೆ ನಿಲ್ಲಬಲ್ಲವರು ಎಲ್ಲಿಯೂ ನಿಲ್ಲುತ್ತಾರೆ. ಪರೀಕ್ಷೆ ಮಾಡಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನೀರಿಗಿಳಿಯುವ ಮುಂಚೆಯೇ ಅರ್ಧ ವಿಷಯ ಗೊತ್ತಾಗುತ್ತದೆ. ಟ್ಯಾಂಕ್, ಬಿಸಿಡಿ, ಬಾಯಿಗಿಟ್ಟು ಉಸಿರಾಡುವ ರೆಗ್ಯುಲೇಟರ್ ಬಿಡಿಬಿಡಿಯಾಗಿ ಅವರ ಮುಂದೆ ಇಟ್ಟು, "ನೀವೇ ಜೋಡಿಸಿ" ಅನ್ನಿ. ಆಮೇಲೆ ಬಾಯಿ ಮುಚ್ಚಿ ನಿಲ್ಲಿ. ಇದು ನಮ್ಮ ಹುಡುಗರಿಗೆ ಕಷ್ಟ. ಗಿರಾಕಿ ಒದ್ದಾಡುವುದು ನೋಡಿದರೆ ಕೈ ತಾನಾಗಿ ಮುಂದೆ ಹೋಗುತ್ತದೆ, ಸೇವೆ ಮಾಡಿ ಅಭ್ಯಾಸ. ಕೈ ಕಟ್ಟಿಕೊಳ್ಳಿ. ನೋಡಬೇಕಾದದ್ದು ಇಷ್ಟು. ಬಿಸಿಡಿಯ ಪಟ್ಟಿಯನ್ನು ಮೊದಲು ಒದ್ದೆ ಮಾಡುತ್ತಾರಾ? ಒಣಗಿದ ಪಟ್ಟಿ ಬಿಗಿದರೆ ನೀರಿನಲ್ಲಿ ಸಡಿಲವಾಗಿ ಟ್ಯಾಂಕ್ ಜಾರುತ್ತದೆ. ವಾಲ್ವಿನ ತೂತು ಬಿಸಿಡಿ ಕಡೆ ಇದೆಯಾ? ಅಲ್ಲಿ ಗಾಳಿ ಸೋರದ ಹಾಗೆ ಕೂರಿಸಿದ ರಬ್ಬರ್ ಬಳೆಯ, ಅಂದರೆ ಓ ರಿಂಗ್, ಮೇಲೆ ಬೆರಳಾಡಿಸಿ ನೋಡುತ್ತಾರಾ? ಉಸಿರಾಡುವ ರೆಗ್ಯುಲೇಟರ್ ಬಲ ಭುಜದ ಮೇಲೆ, ಇನ್‌ಫ್ಲೇಟರ್ ಎಡ ಭುಜದ ಮೇಲೆ ಬಂತಾ?

ಇದೆಲ್ಲಕ್ಕಿಂತ ಹೆಚ್ಚು ನಾನು ಗಮನ ಕೊಡುವುದು ಇನ್ನೊಂದಕ್ಕೆ. ವಾಲ್ವ್ ತೆರೆದ ಮೇಲೆ ರೆಗ್ಯುಲೇಟರ್ ಬಾಯಿಗಿಟ್ಟು ಉಸಿರಾಡುತ್ತಾರಲ್ಲ, ಆಗ ಅವರ ಕಣ್ಣು ಎಲ್ಲಿರುತ್ತದೆ? ಟ್ಯಾಂಕಿನ ಗಾಳಿ ತೋರಿಸುವ ಗೇಜಿನ ಮುಳ್ಳಿನ ಮೇಲೆ ಇರಬೇಕು. ವಾಲ್ವ್ ಪೂರ್ತಿ ತೆರೆದಿಲ್ಲದಿದ್ದರೆ ಉಸಿರು ಎಳೆದಾಗ ಮುಳ್ಳು ಕೆಳಗೆ ಬಿದ್ದು ಮತ್ತೆ ಮೇಲೆ ಬರುತ್ತದೆ. ಬೋಟಿನ ಮೇಲೆ ಉಸಿರು ಸಲೀಸಾಗಿಯೇ ಬರುತ್ತದೆ, ಏನೂ ಗೊತ್ತಾಗುವುದಿಲ್ಲ. ಹದಿನೈದು ಮೀಟರ್‌ನಲ್ಲಿ ಬರುವುದಿಲ್ಲ. ಗೇಜ್ ನೋಡುತ್ತಾ ಮೂರ್ನಾಲ್ಕು ಉಸಿರು ತೆಗೆದವರನ್ನು ಕಂಡರೆ ನನ್ನ ಅರ್ಧ ಚಿಂತೆ ಕಡಿಮೆ. ಆಕಾಶ ನೋಡುತ್ತಾ ಉಸಿರಾಡಿದವರ ಹತ್ತಿರ ನೀರೊಳಗೆ ನಾನು ಒಂದು ಕೈ ಅಳತೆಯಲ್ಲೇ ಇರುತ್ತೇನೆ.

ಕೈ ಸನ್ನೆಯನ್ನೂ ಬೋಟಿನಲ್ಲೇ ಒಮ್ಮೆ ಮಾಡಿಸಿ. ನಮ್ಮಲ್ಲಿ ಒಂದು ಪಚೀತಿ ಇದೆ. ಹೆಬ್ಬೆರಳು ಎತ್ತಿದರೆ ನೆಲದ ಮೇಲೆ "ಸೂಪರ್" ಅಂತ. ನೀರೊಳಗೆ ಅದಕ್ಕೆ "ಮೇಲೆ ಹೋಗೋಣ" ಅಂತ ಅರ್ಥ. ಸರಿ ಇದೆ ಅನ್ನಲಿಕ್ಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಹಳಬರೂ ಖುಷಿಯಲ್ಲಿ ಮರೆಯುತ್ತಾರೆ. ಒಬ್ಬರು ಆಮೆ ನೋಡಿ ಎರಡೂ ಹೆಬ್ಬೆರಳು ಎತ್ತಿದರು, ನಾನು ಅವರನ್ನು ಮೇಲೆ ಕರೆದುಕೊಂಡು ಬಂದೆ. ಅವತ್ತು ಅವರ ಹೆಂಡತಿ ನನ್ನ ಹತ್ತಿರ ಮಾತಾಡಲಿಲ್ಲ.

ನೀರಿಗಿಳಿದ ಕೂಡಲೇ ವೇಟ್ ಚೆಕ್. ಇದನ್ನು ಯಾರಿಗೂ ಬಿಡಬೇಡಿ, ಸಾವಿರ ಡೈವ್ ಆದವರಿಗೂ. ಬಿಸಿಡಿಯ ಗಾಳಿ ಪೂರ್ತಿ ಬಿಟ್ಟು, ಕಾಲು ಆಡಿಸದೆ ನೆಟ್ಟಗೆ ನಿಂತು, ಮಾಮೂಲಿ ಒಂದು ಉಸಿರು ಒಳಗಿಟ್ಟುಕೊಂಡರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟರೆ ಮುಳುಗಬೇಕು. ಉಸಿರು ಹಿಡಿಯುವುದು ಇಲ್ಲಿ, ನೀರಿನ ಮೇಲೆ ಮಾತ್ರ. ಟ್ಯಾಂಕ್ ತುಂಬಿರುವಾಗ ಹೀಗೆ ಸರಿಹೋದರೆ ಅದರ ಮೇಲೆ ಇನ್ನೂ ಎರಡು ಕೆಜಿ ಹಾಕಿ. ಯಾಕೆಂದರೆ ಗಾಳಿಗೂ ತೂಕ ಇದೆ. ಮಾಮೂಲಿ ಅಲ್ಯೂಮಿನಿಯಂ ಟ್ಯಾಂಕ್ 200 ಬಾರ್ ಒತ್ತಡದಿಂದ 50ಕ್ಕೆ ಬರುವಾಗ ಹೆಚ್ಚುಕಮ್ಮಿ ಎರಡು ಕೆಜಿ ಗಾಳಿ ಖರ್ಚಾಗಿರುತ್ತದೆ. ನನ್ನ ಆ ಡಿಸೆಂಬರ್‌ನ ಗಿರಾಕಿ ಮೇಲೆ ತೇಲಿದ್ದು ಈ ಎರಡು ಕೆಜಿಯಿಂದಲೇ. ಹೋಗುವಾಗ ಮುಳುಗಿದರು ಅಂತ ನಾನು ಸುಮ್ಮನಾಗಿದ್ದೆ, ಬರುವಾಗಿನ ಲೆಕ್ಕ ಹಾಕಿರಲಿಲ್ಲ. ಈಜುಕೊಳದಲ್ಲಿ ಕಲಿತು ಮೊದಲ ಸಲ ಕಡಲಿಗೆ ಬಂದವರಿಗೂ ಎರಡು ಕೆಜಿ ಹೆಚ್ಚು ಬೇಕಾಗುತ್ತದೆ, ಉಪ್ಪು ನೀರು ಜಾಸ್ತಿ ಎತ್ತುತ್ತದೆ. ಹಾಗಂತ "ಇರಲಿ" ಅಂತ ಸೀಸ ತುಂಬಿಸುವುದೂ ತಪ್ಪು. ಭಾರ ಜಾಸ್ತಿಯಾದರೆ ಬಿಸಿಡಿಗೆ ಗಾಳಿ ಜಾಸ್ತಿ ಹಾಕಬೇಕು, ಗಾಳಿ ಜಾಸ್ತಿಯಾದಷ್ಟು ಅದರ ಹಿಗ್ಗಾಟವೂ ಜಾಸ್ತಿ. ಬಲೆಗೆ ಸೀಸ ಕಟ್ಟುವವರ ಮನೆಯಲ್ಲಿ ಹುಟ್ಟಿದ ನನಗೆ ಇದು ಬೇಗ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ.

ಅಲ್ಲೇ ನೀರಿನ ಮೇಲೆ ಇನ್ನೊಂದು ಕೆಲಸ. "ಗಾಳಿ ತುಂಬಿ, ಈಗ ಬಿಡಿ, ಮತ್ತೆ ತುಂಬಿ" ಅಂತ ಮೂರು ಸಲ ಹೇಳಿ. ಬೆರಳು ನೋಡಿ. ಹುಡುಕುತ್ತಿದೆಯಾ, ತಾನಾಗಿ ಹೋಗುತ್ತಿದೆಯಾ? ಇದಕ್ಕೆ ಅರ್ಧ ನಿಮಿಷ ಸಾಕು. ಯಾವ ಪಾಠದಲ್ಲೂ ಇದು ದೊಡ್ಡ ವಿಷಯ ಅಲ್ಲ, ನನಗೆ ಮಾತ್ರ ಇದೇ ದೊಡ್ಡದು. ಯಾಕೆ ಅಂತ ಮೇಲೆ ಹೇಳಿದ್ದೇನೆ.

ಇಳಿಯುವಾಗ ಕಾಲು ಕೆಳಗೆ, ತಲೆ ಮೇಲೆ, ಆಂಕರ್ ಹಗ್ಗದ ಪಕ್ಕದಲ್ಲಿ. ನೀವು ಅವರ ಎದುರು ಇರಿ, ಕೆಳಗಲ್ಲ. ಕಿವಿಯ ಒತ್ತಡ ಬಿಡಿಸಿಕೊಳ್ಳುವುದು ನೋವು ಬಂದ ಮೇಲೆ ಅಲ್ಲ, ಮೊದಲ ಮೀಟರ್‌ನಿಂದಲೇ. ಮೂಗು ಹಿಡಿದು ಮೆಲ್ಲಗೆ ಊದಬೇಕು. ಶೀತ ಆದವರಿಗೆ ಇಲ್ಲೇ ಗೊತ್ತಾಗುತ್ತದೆ. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ. ಆಗಲೂ ಬಿಡದಿದ್ದರೆ ಅವತ್ತಿನ ಡೈವ್ ಮುಗಿಯಿತು. ಮಾತ್ರೆ ನುಂಗಿ ಇಳಿಯುತ್ತೇನೆ ಅನ್ನುವವರನ್ನು ಇಳಿಸಬೇಡಿ, ಮಾತ್ರೆಯ ಗುಣ ಕೆಳಗೆ ಇಳಿದು ಹೋದರೆ ಮೇಲೆ ಬರುವಾಗ ಕಷ್ಟ.

ಕೆಳಗೆ ಮೂರು ಕೆಲಸ. ಮಾಸ್ಕಿಗೆ ಅರ್ಧ ನೀರು ಬಿಟ್ಟುಕೊಂಡು ಮೂಗಿನಿಂದ ಊದಿ ಖಾಲಿ ಮಾಡುವುದು. ರೆಗ್ಯುಲೇಟರ್ ಬಾಯಿಯಿಂದ ತೆಗೆದು, ಗುಳ್ಳೆ ಬಿಡುತ್ತಾ, ಹುಡುಕಿ ಮತ್ತೆ ಹಾಕಿಕೊಳ್ಳುವುದು. ನಿಮ್ಮ ಆಕ್ಟೋಪಸ್, ಅಂದರೆ ಹೆಚ್ಚುವರಿ ರೆಗ್ಯುಲೇಟರ್, ತೆಗೆದುಕೊಂಡು ಅದರಲ್ಲಿ ಉಸಿರಾಡುವುದು. ಪುಸ್ತಕದಲ್ಲಿ ಇರುವುದೇ. ನಾನು ನೋಡುವುದು ಮಾಡಿದರಾ ಇಲ್ಲವಾ ಅಂತ ಅಲ್ಲ, ಮಾಡುವ ಮುಂಚೆ ಎಷ್ಟು ಹೊತ್ತು ಯೋಚಿಸಿದರು ಅಂತ. ಮಾಸ್ಕಿಗೆ ನೀರು ಬಿಡು ಅಂದಾಗ ಎರಡು ಸಲ ತಲೆ ಅಲ್ಲಾಡಿಸಿ, ಮಾಸ್ಕ್ ಮುಟ್ಟಿ, ಕೈ ತೆಗೆದು, ಮತ್ತೆ ಮುಟ್ಟಿದರೆ ಅವರಿಗೆ ಹೆದರಿಕೆ ಇದೆ. ಒತ್ತಾಯ ಮಾಡಬೇಡಿ. ಒಂದು ಹನಿ ನೀರಿನಿಂದ ಶುರು ಮಾಡಿಸಿ, ಆಮೇಲೆ ಸ್ವಲ್ಪ, ಆಮೇಲೆ ಅರ್ಧ.

ಆಮೇಲೆ ಒಂದು ನಿಮಿಷ ಹೊಯ್ಗೆಯಿಂದ ಒಂದು ಮೊಳ ಮೇಲೆ ಸುಮ್ನೆ ತೇಲಿ ನಿಲ್ಲಲಿಕ್ಕೆ ಹೇಳಿ. ಕೈಯಲ್ಲಿ ನೀರು ತಳ್ಳುತ್ತಾ ಇದ್ದರೆ ವೇಟ್ ಸರಿ ಇಲ್ಲ ಅಥವಾ ಉಸಿರು ಸರಿ ಇಲ್ಲ. ಕೈ ಎದೆಯ ಹತ್ತಿರ ಮಡಚಿಕೊಂಡು, ಉಸಿರಿನ ಜೊತೆ ಮೆಲ್ಲಗೆ ಏರಿ ಇಳಿಯುತ್ತಾ ಇರುವವರನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಇಷ್ಟು ಹೊತ್ತಿಗೆ ಹತ್ತು ನಿಮಿಷ ಆಗಿರುತ್ತದೆ. ಇಳಿಯುವಾಗ ಗೇಜ್ ಎಷ್ಟಿತ್ತು ಅಂತ ಸ್ಲೇಟಿನಲ್ಲಿ ಬರೆದುಕೊಂಡಿರಿ, ಈಗ ಮತ್ತೆ ನೋಡಿ. ಆರು ಮೀಟರ್‌ನಲ್ಲಿ ಸಮಾಧಾನದಿಂದ ಉಸಿರಾಡುವವರಿಗೆ ಹತ್ತು ನಿಮಿಷಕ್ಕೆ 25-35 ಬಾರ್ ಹೋಗುತ್ತದೆ. ಅರವತ್ತು ಹೋಗಿದ್ದರೆ ಲೆಕ್ಕ ಹಾಕಿ. ಅದೇ ಉಸಿರಿನಲ್ಲಿ 18 ಮೀಟರ್‌ಗೆ ಹೋದರೆ ಹತ್ತು ನಿಮಿಷಕ್ಕೆ ನೂರು ಬಾರ್ ದಾಟುತ್ತದೆ. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕಾದ ಟ್ಯಾಂಕ್ ಅದು, ಹದಿನೈದು ನಿಮಿಷವೂ ಬಾರದು. ಅಂಥವರನ್ನು ಹತ್ತು ಹನ್ನೆರಡು ಮೀಟರ್‌ನಲ್ಲೇ ಸುತ್ತಾಡಿಸಿ. ನೇತ್ರಾಣಿಯಲ್ಲಿ ಅಷ್ಟು ಆಳದಲ್ಲಿ ನೋಡಲಿಕ್ಕೆ ಏನೂ ಕಡಿಮೆ ಇಲ್ಲ. ಗಿಳಿಮೀನು, ಚಿಟ್ಟೆಮೀನು ಎಲ್ಲ ಅಲ್ಲೇ ಸಿಗುತ್ತವೆ.

ಅಸಲಿ ಪರೀಕ್ಷೆ ಇರುವುದು ಕೊನೆಗೆ. ನಿಮಿಷಕ್ಕೆ ಒಂಬತ್ತು ಹತ್ತು ಮೀಟರ್‌ಗಿಂತ ವೇಗವಿಲ್ಲದೆ ಬಂದು, 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಬೇಕು. ಟ್ಯಾಂಕ್ ಆಗ ಹಗುರ. ಹಗ್ಗ ಹಿಡಿಯದೆ ನಿಂತರೆ ಎರಡನೇ ಡೈವಿಗೆ ನಾನು ಏನೂ ಕೇಳುವುದಿಲ್ಲ. ತೇಲಿದರೆ ಒಂದು ಕೆಜಿ ಸೇರಿಸಿ, ಅದನ್ನು ಬರೆದಿಡಿ.

ಜನ ಒಪ್ಪದಿದ್ದರೆ ಏನು ಮಾಡುವುದು ಅಂತ ಅಳಿಯ ಕೇಳಿದ. ಹೆಚ್ಚಿನವರು ಹೇಳುವುದು ಒಂದೇ ಮಾತು. "ನನ್ನ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಬೈಕ್ ಬಾಡಿಗೆಗೆ ಕೊಡುತ್ತಾರೆ, ಓಡಿಸಿ ತೋರಿಸು ಅನ್ನುವುದಿಲ್ಲ." ನಾನು ಹೇಳುತ್ತೇನೆ, "ಬೈಕ್ ಕೊಟ್ಟವನು ಹಿಂದೆ ಕೂತು ಬರುವುದಿಲ್ಲ ಮಾರಾಯ್ರೆ. ನಾನು ಬರ್ತೇನೆ." ಹತ್ತರಲ್ಲಿ ಎಂಟು ಜನ ನಗುತ್ತಾರೆ, ಕೆಲಸ ಆಗುತ್ತದೆ. ಉಳಿದಿಬ್ಬರಿಗೆ ಅವತ್ತು 12 ಮೀಟರ್, ಆಚೆ ಇಲ್ಲ. ಅದಕ್ಕೂ ಒಪ್ಪದಿದ್ದರೆ ದುಡ್ಡು ವಾಪಸ್. ಆ ದುಡ್ಡಿಗೆ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ.

ನಿಜವಾಗಿ ಅನುಭವ ಇದ್ದವರು ತಕರಾರು ಮಾಡಿದ್ದು ನಾನು ನೋಡಿಲ್ಲ. ಕಳೆದ ಜನವರಿಯಲ್ಲಿ ಒಬ್ಬ ಅಮ್ಮ ಬಂದಿದ್ದರು, ಮೂಲ ಕುಂದಾಪುರದವರು, ಮಸ್ಕತ್‌ನಲ್ಲಿ ಮೂವತ್ತು ವರ್ಷ ಇದ್ದವರು. ಅರವತ್ತು ದಾಟಿದೆ. ಮುನ್ನೂರು ಡೈವ್. ನಾನು ಬಾಯಿ ತೆರೆಯುವ ಮುಂಚೆ ಅವರೇ ಹೇಳಿದರು, "ಮಗಾ, ಮೊದಲನೆಯದು ಆಳ ಇಲ್ಲದ ಕಡೆ ಇಡು. ನನ್ನ ಕಿವಿಗೆ ಸ್ವಲ್ಪ ಹೊತ್ತು ಬೇಕು. ನಿನ್ನ ಟ್ಯಾಂಕೂ ನನಗೆ ಹೊಸದು." ಜೋಡಿಸುವಾಗ ಓ ರಿಂಗನ್ನು ಉಗುರಿನಿಂದ ಮುಟ್ಟಿ ನೋಡಿ, ಬದಲಿಸು ಅಂದರು. ನೋಡಿದರೆ ಸಣ್ಣ ಬಿರುಕು. ಅವತ್ತು ಚೆಕ್ ಆದದ್ದು ನನ್ನದು.

ಇನ್ನು ಗಿರಾಕಿಗಳ ಸಿಟ್ಟಿನಲ್ಲೂ ನ್ಯಾಯ ಇದೆ. ಚೆಕ್ ಡೈವ್ ಹೆಸರಲ್ಲಿ ದುಡ್ಡು ಮಾಡುವವರು ಇದ್ದಾರೆ. ನಾನೇ ಬೇರೆ ಊರಿಗೆ ಡೈವ್ ಮಾಡಲು ಹೋದಾಗ ಒಂದು ಕಡೆ ಪೂರ್ತಿ ಡೈವಿನ ದುಡ್ಡು ಕೊಟ್ಟು ಚೆಕ್ ಡೈವ್ ಮಾಡಿದೆ. ಜೊತೆಗೆ ಬಂದ ಹುಡುಗ ನಲವತ್ತು ನಿಮಿಷವೂ ಗೋಪ್ರೋ ಕ್ಯಾಮೆರಾ ಹಿಡಿದು ಮೀನಿನ ಹಿಂದೆ ಇದ್ದ. ಒಂದು ಸಲ ನನ್ನ ಗೇಜ್ ಕೇಳಲಿಲ್ಲ, ಮಾಸ್ಕ್ ತೆಗೆಸಲಿಲ್ಲ. ಮೇಲೆ ಬಂದು "ಪಾಸ್" ಅಂದ. ಏನು ನೋಡಿ ಪಾಸ್ ಮಾಡಿದೆ ಅಂತ ಕೇಳಿದೆ, ಉತ್ತರ ಇಲ್ಲ. ಹಾಗಾಗಿ ಗಿರಾಕಿಗಳೇ, ಚೆಕ್ ಡೈವ್ ಅಂದರೆ ಬೇಜಾರು ಮಾಡಬೇಡಿ, ಆದರೆ "ಏನೇನು ನೋಡುತ್ತೀರಿ, ಎಷ್ಟು ಹೊತ್ತು, ದುಡ್ಡು ಎಷ್ಟು" ಅಂತ ಮೂರು ಪ್ರಶ್ನೆ ಕೇಳಿ. ಮೂರಕ್ಕೂ ನೆಟ್ಟಗೆ ಉತ್ತರ ಬಾರದಿದ್ದರೆ ಬೇರೆ ಬೋಟು ನೋಡಿ.

ಚೆಕ್ ಡೈವ್‌ಗೆ ಸಿಕ್ಕದ ವಿಷಯಗಳೂ ಇವೆ. ಆಸ್ತಮಾ, ಹೃದಯದ ತೊಂದರೆ, ಹಿಂದಿನ ರಾತ್ರಿಯ ಪಾರ್ಟಿ. ಇದಕ್ಕೆ ಮೆಡಿಕಲ್ ಫಾರ್ಮ್ ಇದೆ, ಎಲ್ಲದಕ್ಕೂ "ಇಲ್ಲ" ಅಂತ ಗೀಟು ಎಳೆಯುವ ಮುಂಚೆ ಓದಿ. ಇನ್ನೊಂದು, ಚೆಕ್ ಡೈವ್ ಕೂಡ ಡೈವೇ. ಆಳ ಕಡಿಮೆ ಅಂತ ಲೆಕ್ಕ ಬಿಡಬೇಡಿ, ಕೈಗೆ ಕಟ್ಟಿದ ಡೈವ್ ಕಂಪ್ಯೂಟರ್ ಬಿಡುವುದಿಲ್ಲ. ಎರಡು ಡೈವ್ ಮಾಡಿದ ಮೇಲೆ ಬಜ್ಪೆಯಿಂದ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು, ನೀರೊಳಗೆ ಮೈಗೆ ಸೇರಿದ ನೈಟ್ರೋಜನ್ ಹೊರಗೆ ಹೋಗಲಿಕ್ಕೆ. ಘಾಟಿ ಹತ್ತುವವರಿಗೂ ಇದು ಅನ್ವಯ ಅಂತ ಜಾಸ್ತಿ ಜನರಿಗೆ ಗೊತ್ತಿಲ್ಲ. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ. ಮಧ್ಯಾಹ್ನ ನೀರಿಂದ ಎದ್ದು ಸಂಜೆಯ ಬಸ್ ಹತ್ತುವ ಬದಲು ಒಂದು ರಾತ್ರಿ ಇಲ್ಲೇ ಇರಿ. ಬಂಗುಡೆ ಫ್ರೈ ತಿನ್ನಿ.

ನನ್ನ ಅಪ್ಪ ಹೊಸಬರನ್ನು ಹತ್ತು ದಿನದ ಆಳಸಮುದ್ರ ಮೀನುಗಾರಿಕೆಗೆ ಸೀದಾ ಕರೆದುಕೊಂಡು ಹೋಗುತ್ತಿರಲಿಲ್ಲ. ಮೊದಲು ಬೆಳಿಗ್ಗೆ ಹೋಗಿ ಸಂಜೆ ಬರುವ ಟ್ರಿಪ್. ಬೇರೆ ಬೋಟಿನಲ್ಲಿ ಇಪ್ಪತ್ತು ವರ್ಷ ದುಡಿದವನಾದರೂ ಸರಿ. ಅವನ ಕೈ ನೋಡಬೇಕು ಅನ್ನುತ್ತಿದ್ದರು. ಯಾರೂ ಅದನ್ನು ಅವಮಾನ ಅಂದುಕೊಂಡದ್ದು ನನಗೆ ನೆನಪಿಲ್ಲ. ಅವರ ಸಂಬಳ ಮೊದಲ ದಿನದಿಂದಲೇ ಶುರುವಾಗುತ್ತಿತ್ತು, ಅದೂ ಒಂದು ಕಾರಣ ಇರಬಹುದು.

ಕೊನೆಗೆ ಲಾಗ್ ಬುಕ್. ಸೀಲ್ ಹೊಡೆದು "ನೈಸ್ ಡೈವ್" ಅಂತ ಬರೆದು ಕಳಿಸಬೇಡಿ. ಅದರಿಂದ ಯಾರಿಗೂ ಉಪಯೋಗ ಇಲ್ಲ. ನಾನು ಬರೆಯುವುದು ಹೀಗೆ: "6 ಕೆಜಿ, 3 ಎಂಎಂ ಪೂರ್ತಿ ಸೂಟ್, ಅಲ್ಯೂಮಿನಿಯಂ ಟ್ಯಾಂಕ್, ಉಪ್ಪು ನೀರು. ಕೊನೆಯಲ್ಲಿ 5 ಮೀಟರ್‌ನಲ್ಲಿ ಸ್ವಲ್ಪ ತೇಲಿದರು, ಮುಂದಿನ ಸಲ 7. ಎಡ ಕಿವಿ ನಿಧಾನ. 6 ಮೀಟರ್, 10 ನಿಮಿಷ, 32 ಬಾರ್." ಮುಂದಿನ ಸಲ ಅವರು ಅಂಡಮಾನಿಗೆ ಹೋದಾಗ ಅಲ್ಲಿನ ಹುಡುಗ ಇದನ್ನು ಓದುತ್ತಾನೆ. ಕನ್ನಡದಲ್ಲಿ ಬರೆದಿದ್ದಕ್ಕೆ ಒಬ್ಬ ಅಲ್ಲಿಂದ ಫೋನ್ ಮಾಡಿ, "ಅಣ್ಣಾ, ಅಂಕಿ ಮಾತ್ರ ಅರ್ಥ ಆಯ್ತು" ಅಂತ ಹಿಂದಿಯಲ್ಲಿ ಹೇಳಿದ್ದ. ಅಂಕಿ ಅರ್ಥ ಆದರೆ ಸಾಕು ಅಂದೆ.